ಸೆರಗಿನಲ್ಲಿ ಶಿಡ್ಲಘಟ್ಟ

ಒಂದು ರೇಷ್ಮೆಗೂಡನ್ನು ಬಿಚ್ಚುತ್ತ ಹೋದರೆ ಸಿಗುವ ಎಳೆಯ ಉದ್ದ ಸುಮಾರು 800 ಮೀಟರ್. ಶಿಡ್ಲಘಟ್ಟದ ಕಡೆ ಹೆಚ್ಚಾಗಿ ಬೆಳೆಯುವ ಮಿಶ್ರತಳಿಯ ಹಳದಿ ಗೂಡಿನ ಮಾತು ಇದು. ಬಿಳಿ ಗೂಡಿನ ದ್ವಿತಳಿ ಇನ್ನೂ ಉದ್ದ ಕೊಡುತ್ತದೆ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಅರ್ಧ ಕಿಲೋ ಕಚ್ಚಾ ನೂಲು ಹಿಡಿಯುವ ಒಂದು ಸೀರೆಗೆ ಎರಡು ಸಾವಿರಕ್ಕೂ ಮಿಕ್ಕಿ ಗೂಡುಗಳು ಬಿಸಿನೀರಿಗೆ ಇಳಿಯಬೇಕು. ಕೂತು ಗುಣಿಸಿದರೆ 1,700 ಕಿಲೋಮೀಟರ್ ಎಳೆ. ಶಿಡ್ಲಘಟ್ಟದಿಂದ ರಸ್ತೆ ಹಿಡಿದು ಕಾಶಿಗೆ ಹೊರಟರೆ ಹೆಚ್ಚುಕಡಿಮೆ ಅಷ್ಟೇ ದೂರ. ಹೆಗಲ ಮೇಲಿಂದ ಇಳಿಬಿಟ್ಟು, ಸೊಂಟಕ್ಕೆ ಸಿಕ್ಕಿಸಿಕೊಂಡು, ಮದುವೆಮನೆಯಲ್ಲಿ ಎಲೆಯ ಮುಂದೆ ಕೂತೇಳುವ ಬಟ್ಟೆಯೊಳಗೆ ಕಾಶಿಯವರೆಗಿನ ದಾರಿ ಮಡಿಸಿಕೊಂಡು ಕೂತಿದೆ. ಆ ನೂಲಿನಲ್ಲಿ ಒಂದಿಷ್ಟು ನಿಜವಾಗಿಯೂ ಕಾಶಿಗೆ ಹೋಗಿ ಬನಾರಸಿ ಸೀರೆಯಾಗುತ್ತದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಹೊಸದಾಗಿಯೇ ಅಚ್ಚರಿಯಾಗುತ್ತದೆ.

ಈ ಲೆಕ್ಕ ಹಾಕಿದ ಮೇಲೆ ನಾನು ಬಟ್ಟೆ ಉಡುವ ರೀತಿ ಬದಲಾಯಿತು. ಬಟ್ಟೆಯ ಬೆಲೆ, ಬಣ್ಣ, ಯಾವ ಕಾರ್ಯಕ್ಕೆ ಯಾವುದು ಒಪ್ಪುತ್ತದೆ ಎಂಬ ವಿಚಾರ ಮೊದಲಿನಂತೆಯೇ ಇದೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆ ಬಂದು ಸೇರಿಕೊಂಡಿದೆ: ಇದು ಎಲ್ಲಿಂದ ಹೊರಟು ನನ್ನ ಮೈಗೆ ಬಂತು? ಆ ಪ್ರಶ್ನೆ ಹಿಡಿದು ತಿರುಗಲು ನಾನು ದೂರ ಹೋಗಬೇಕಾಗಲಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು. ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವಷ್ಟು ಹತ್ತಿರದ ಊರುಗಳು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಬೇಕು. ರೈತರು ಚೀಲಗಳಿಂದ ಗೂಡು ಸುರಿಯುವಾಗ ಒಣ, ಹಗುರವಾದ ಸದ್ದೊಂದು ಬರುತ್ತದೆ. ಒಂದೊಂದು ಲಾಟೂ ಒಂದೊಂದು ಮನೆಯ ತಿಂಗಳ ದುಡಿಮೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ನಾಲ್ಕು ಸಲ ಚರ್ಮ ಕಳಚಿ, ಹುಟ್ಟಿದಾಗಿನ ತೂಕದ ಹತ್ತು ಸಾವಿರ ಪಟ್ಟು ಬೆಳೆದು, ಕೊನೆಗೆ ಮೇವು ಬಿಟ್ಟು ಹಣ್ಣಾಗುತ್ತದೆ. ಮೈ ಪಾರದರ್ಶಕವಾಗಿ ಬಂಗಾರದ ಬಣ್ಣ ತಿರುಗಿದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಾರೆ. ಅಲ್ಲಿ ಹುಳು ಎರಡು ಮೂರು ದಿನ ತಲೆಯನ್ನು ಕನ್ನಡದ ನಾಲ್ಕರಂತೆ ಸುತ್ತಿಸಿ ಸುತ್ತಿಸಿ ತನ್ನನ್ನು ತಾನೇ ಮುಚ್ಚಿಕೊಳ್ಳುತ್ತದೆ. ಇಷ್ಟೂ ದಿನ ಹುಳುಮನೆಯೊಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಮನೆಯವರೂ ಕಾಲು ತೊಳೆದೇ ಹೋಗಬೇಕು. ಬೀಡಿ ಹೊಗೆ, ಅತ್ತರು, ಪೌಡರಿನ ವಾಸನೆ ಯಾವುದೂ ಕೂಡದು. ಲೋಕದ ಅತಿ ಸಿಂಗಾರದ ಬಟ್ಟೆಯನ್ನು ಬೆಳೆಸುವ ಹೆಂಗಸು, ಅದನ್ನು ಬೆಳೆಸುವಷ್ಟು ಕಾಲವೂ ಮಾಸಿದ ಹತ್ತಿ ಸೀರೆ ಸುತ್ತಿಕೊಂಡು ಯಾವ ಸಿಂಗಾರವೂ ಇಲ್ಲದೆ ಸೊಪ್ಪು ಹಾಕುತ್ತಿರುತ್ತಾಳೆ.

ಗೂಡಿನ ಹಳದಿಯ ಕಥೆಯೂ ಸಣ್ಣದಲ್ಲ. ಆ ಬಣ್ಣ ಹಿಪ್ಪುನೇರಳೆ ಸೊಪ್ಪಿನದು. ಹಸಿರು ಎಲೆಯೊಳಗೆ ಅಡಗಿದ್ದ ಹಳದಿಯು ಹುಳುವಿನ ಹೊಟ್ಟೆ, ರಕ್ತ ದಾಟಿ, ಎಳೆಯನ್ನು ಸುತ್ತಿದ ಅಂಟಿಗೆ ಬಂದು ಸೇರುತ್ತದೆ. ಒಳಗಿನ ಎಳೆ ಬೆಳ್ಳಗೇ ಇರುತ್ತದೆ. ನೂಲನ್ನು ಸಾಬೂನಿನ ನೀರಿನಲ್ಲಿ ಕುದಿಸಿದಾಗ ಅಂಟು ಕರಗುತ್ತದೆ, ಹಳದಿಯೂ ಅದರೊಂದಿಗೆ ಹೊರಟುಹೋಗುತ್ತದೆ. ಆಮೇಲೆ ಬಣ್ಣದವರು ಬೇಕಾದ ಬಣ್ಣ ಕೊಡುತ್ತಾರೆ. ಒಮ್ಮೆ ಅಂಗಡಿಯಲ್ಲಿ ಹತ್ತಾರು ಸೀರೆ ಬಿಚ್ಚಿಸಿ, ಕೊನೆಗೆ ಗೂಡಿನ ಹಳದಿಯದೇ ಒಂದನ್ನು ಆರಿಸಿದೆ. ಜರಿ ಕಡಿಮೆ, ಅಂಚು ಸಣ್ಣದು. ಜೊತೆಯಲ್ಲಿದ್ದ ಅಕ್ಕ, "ಇಷ್ಟು ದುಡ್ಡು ಕೊಟ್ಟು ಅರಿಶಿನದ ಬಣ್ಣ ಯಾಕೆ ತಗೋತೀಯೆ? ಮೆರೂನ್ ತಗೋ, ನಾಲ್ಕು ಜನ ನೋಡ್ತಾರೆ" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಕಣ್ಣಿಗೆ ಮಾತ್ರ ಬೆಳಗಿನ ಮಾರುಕಟ್ಟೆಯ ಲಾಟುಗಳು ಕಾಣುತ್ತಿದ್ದವು. ಕುದಿಸಿ ಕಳೆದುಕೊಂಡ ಹಳದಿಯನ್ನು ಯಾರೋ ಬಣ್ಣದವರು ಮತ್ತೆ ತಂದು ನೂಲಿಗೆ ಒಪ್ಪಿಸಿದ್ದಾರೆ ಅನ್ನಿಸಿತು.

ಶಿಡ್ಲಘಟ್ಟ ಲೋಕಕ್ಕೆ ನೂಲು ಕೊಡುತ್ತದೆ, ಆದರೆ ಸೀರೆಗೆ ತನ್ನ ಹೆಸರು ಕೊಟ್ಟಿಲ್ಲ. ಇಲ್ಲಿಯ ನೂಲು ಹುರಿಗೊಂಡು ಕಂಚಿಗೆ ಹೋದರೆ ಕಂಚಿ ಸೀರೆ, ಪಕ್ಕದ ಧರ್ಮಾವರಕ್ಕೆ ಹೋದರೆ ಧರ್ಮಾವರಂ ಸೀರೆ, ದೊಡ್ಡಬಳ್ಳಾಪುರದ ಮಗ್ಗಕ್ಕೆ ಹೋದರೆ ಇನ್ನೊಂದು. ಬಟ್ಟೆಗೆ ಮಗ್ಗದ ಊರಿನ ಹೆಸರು ಬರುತ್ತದೆಯೇ ಹೊರತು ನೂಲಿನ ಊರಿನ ಹೆಸರು ಬರುವುದಿಲ್ಲ. ನಮ್ಮಮ್ಮನ ಧಾರೆ ಸೀರೆ ಕಂಚಿಯದು. ಮನೆಯಲ್ಲಿ ಅದರ ಮಾತು ಬಂದಾಗಲೆಲ್ಲ ಕಂಚಿಯ ಹೆಸರೇ. ಅದನ್ನು ತರಲು ತಾತ ಮದರಾಸು ರೈಲು ಹತ್ತಿದ ಕಥೆಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆ ಸೀರೆಯ ನೂಲು ನಮ್ಮ ಊರಿನಿಂದ ಹತ್ತಾರು ಮೈಲಿ ಆಚೆಯ ಗೂಡು ಕುದಿಸುವ ಯಾವುದೋ ಬೇಸಿನ್ನಿನಲ್ಲಿ ಬಿಚ್ಚಿಕೊಂಡು, ಕಂಚಿಗೆ ಹೋಗಿ, ತಾತನ ಕೈಚೀಲದಲ್ಲಿ ಮರಳಿ ಬಂದಿರಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಊರಿನ ಮಗಳೊಬ್ಬಳು ದೂರದ ಮನೆಗೆ ಹೋಗಿ, ಅಲ್ಲಿಯ ಹೆಸರು ಇಟ್ಟುಕೊಂಡು ತವರಿಗೆ ಬಂದಂತೆ.

ನೂಲು ಬಿಚ್ಚುವವರ ಮನೆಯೊಂದರ ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಕುದಿವ ನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಹೆಂಗಸೊಬ್ಬಳು ಕಣ್ಣಿಗೆ ಕಾಣದ ತುದಿಗಳನ್ನು ಬೆರಳಿನಲ್ಲೇ ಹುಡುಕಿ ಹಿಡಿದು, ಎಂಟೊಂಬತ್ತು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಿ ರಾಟೆಗೆ ಕೊಡುತ್ತಿದ್ದಳು. ದಿನವೆಲ್ಲ ಬಿಸಿನೀರಿನಲ್ಲಿ ಆಡಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ನಿಮ್ಮ ಮನೇಲಿ ಮದುವೆಗೆ ಯಾವ ಸೀರೆ ತಗೋತೀರಮ್ಮಾ?" ಎಂದೆ.

"ನಮ್ದು ಜಾಸ್ತಿ ಸಲ್ವಾರು, ಘಾಗ್ರಾ ಅಕ್ಕಾ. ಅಂಗಡಿಗೆ ಹೋದ್ರೆ ಮಾತ್ರ ಪಟ್ಟೆ ಸೀರೆ ಮುಟ್ಟಿ ನೋಡ್ತೀನಿ."

"ಮುಟ್ಟಿದ್ರೆ ಏನು ಗೊತ್ತಾಗುತ್ತೆ?"

"ನೂಲು ಗೊತ್ತಾಗುತ್ತಲ್ಲ," ಅಂದಳು. ಕೈ ಮಾತ್ರ ನಿಲ್ಲಲಿಲ್ಲ.

ಈ ಊರಿನಲ್ಲಿ ಗೂಡು ಬೆಳೆಯುವವರು ಹೆಚ್ಚಾಗಿ ಸುತ್ತಲ ಹಳ್ಳಿಗಳ ರೈತರು. ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಊರೊಳಗಿನ ಮುಸ್ಲಿಂ ಕುಟುಂಬಗಳು. ನೇಯುವವರು ದೇವಾಂಗರು, ಪದ್ಮಶಾಲಿಗಳು, ಇನ್ನೂ ಹಲವರು. ಬನಾರಸಿನಲ್ಲಿ ಅನ್ಸಾರಿಗಳು. ಉಟ್ಟು ಧಾರೆಗೆ ನಿಲ್ಲುವವಳು ಯಾವ ಮನೆಯವಳೋ. ಒಂದು ಸೀರೆಯೊಳಗೆ ಎಷ್ಟು ಮನೆಗಳ ಕೈ ಇದೆ ಎಂದು ಎಣಿಸಿದರೆ, ಬೀದಿಯಲ್ಲಿ ಕೇಳುವ ಎಷ್ಟೋ ಮಾತುಗಳು ಎಷ್ಟು ಸಣ್ಣವೆಂದು ತಿಳಿಯುತ್ತದೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋಗುವವರ ಸಾಲಿನಲ್ಲಿಯೂ ಇದನ್ನೇ ಕಂಡಿದ್ದೇನೆ. ಬುರ್ಖಾದ ಪಕ್ಕದಲ್ಲಿ ಕುಂಕುಮ, ಮಲ್ಲಿಗೆ, ಮೊಳಕಾಲುದ್ದದ ಜಡೆ. ನಾನು ಅಲ್ಲಿಗೆ ಹೋಗುವಾಗ ತಲೆ ತುಂಬ ಹೊದೆಯಲು ಬರುವ ಉದ್ದ ಸೆರಗಿನ ಹತ್ತಿ ಸೀರೆ ಉಡುತ್ತೇನೆ. ಹೀಗೆ ಉಡು ಎಂದು ನನಗೆ ಯಾರೂ ಹೇಳಲಿಲ್ಲ. ಸಾಲಿನಲ್ಲಿ ನಿಂತ ಹೆಂಗಸರನ್ನು ನೋಡಿ ನಾನೇ ಕಲಿತದ್ದು.

ಹಿಪ್ಪುನೇರಳೆ ಈ ನೆಲದ ಹುಟ್ಟುಗಿಡವೇನಲ್ಲ. 18ನೇ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದ. ಅಂದರೆ ನಮ್ಮ ಅತಿ 'ಸಾಂಪ್ರದಾಯಿಕ' ಉಡುಗೆಯ ನೂಲು ಇಲ್ಲಿ ಬೇರುಬಿಟ್ಟು ಇನ್ನೂರೈವತ್ತು ವರ್ಷವೂ ಆಗಿಲ್ಲ. ನಂದಿಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯ ಅದಕ್ಕಿಂತ ಸಾವಿರ ವರ್ಷ ಹಿರಿದು. 9ನೇ ಶತಮಾನದ ಆರಂಭದ ಶಾಸನಗಳಲ್ಲೇ ಅದರ ಮಾತಿದೆ. ಬಾಣರ ರಾಣಿ ರತ್ನಾವಳಿ ಅದನ್ನು ಕಟ್ಟಿಸಿದಳೆಂದು ಹೇಳುತ್ತಾರೆ. ಅಲ್ಲಿಯ ಕಲ್ಯಾಣ ಮಂಟಪದ ನಾಲ್ಕು ಕರಿಕಲ್ಲಿನ ಕಂಬಗಳ ಮುಂದೆ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಕಲ್ಲಿನಲ್ಲಿ ಬಟ್ಟೆಯನ್ನು ತೋರಿಸುವುದೆಂದರೆ ಎಂಥ ಕೆಲಸ! ಕಲ್ಲು ಕಡೆಯುವವನು ಬಟ್ಟೆಯನ್ನು ಪೂರಾ ಬಿಡಿಸುವುದಿಲ್ಲ. ಸೊಂಟದ ಬಳಿ ಒಂದು ಗೀರು, ತೊಡೆಯ ಮೇಲೆ ಎರಡು ಮಡಿಕೆ, ಪಾದದ ಹತ್ತಿರ ಒಂದು ಅಂಚು. ಅಷ್ಟರಲ್ಲೇ ನೋಡುವವರಿಗೆ ತೆಳು ಬಟ್ಟೆ ಮೈಗೆ ಅಂಟಿದ್ದು ಗೊತ್ತಾಗುತ್ತದೆ. ಒಡವೆಯನ್ನು ಮಾತ್ರ ಮಣಿ ಮಣಿಯಾಗಿ ಕಡೆದಿದ್ದಾನೆ.

ಹೇಗೆ ಉಡಬೇಕು ಎಂಬ ವಿಚಾರಕ್ಕೆ ನನಗೆ ಸಿಕ್ಕ ದೊಡ್ಡ ಪಾಠ ಇಲ್ಲಿಯದೇ. ಒಂದೇ ಪ್ರಾಕಾರದಲ್ಲಿ ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ. ಬೆಟ್ಟದ ನೆತ್ತಿಯಲ್ಲಿ ಯೋಗನಂದೀಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯವಂತೆ, ಭೋಗನಂದೀಶ್ವರ ಯೌವನವಂತೆ, ಮೇಲಿನವನು ವೈರಾಗ್ಯವಂತೆ. ಕೆಳಗಿನವನಿಗೆ ಶಿವರಾತ್ರಿಯ ತೇರು, ಹೂವು, ವಾದ್ಯ, ಜಾತ್ರೆ. ಮೇಲಿನವನಿಗೆ ಅಂಥ ಉತ್ಸವಗಳಿಲ್ಲ. ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿ ಗಾಳಿ, ಮಂಜು, ಬರಿ ಬಂಡೆ. ಇಬ್ಬರೂ ಒಬ್ಬನೇ ದೇವರು. ಸಿಂಗಾರ ಮಾಡಿಕೊಂಡಾಗ ಕೀಳಾಗಲಿಲ್ಲ, ಕಳಚಿಟ್ಟಾಗ ಮೇಲಾಗಲಿಲ್ಲ. ಎಲ್ಲಿ ಹೇಗಿರಬೇಕೋ ಅಲ್ಲಿ ಹಾಗೆ. ಸಿಂಗಾರವೆಂದರೆ ಹಗುರ, ಸರಳತೆಯೆಂದರೆ ಘನ ಎಂದು ವಾದಿಸುವವರನ್ನು ಕಂಡರೆ ನನಗೆ ಈ ಬೆಟ್ಟ ತೋರಿಸಬೇಕೆನಿಸುತ್ತದೆ. ತೇರಿನ ದಿನ ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಿಂದ ತಂದ ಸೇವಂತಿಗೆ ಮುಡಿದು, ಗೂಡಿನ ಹಳದಿಯ ಸೀರೆ ಉಟ್ಟು ಕೆಳಗಿನ ಗುಡಿಗೆ ಹೋಗುತ್ತೇನೆ. ಬೆಟ್ಟ ಹತ್ತುವ ದಿನ ಬಂಡೆಯ ಬೂದುಬಣ್ಣದ ಒರಟು ಹತ್ತಿ.

ಆ ಬೆಟ್ಟದ ಮೇಲೆಯೇ 1927ರ ಬೇಸಿಗೆಯಲ್ಲಿ ಗಾಂಧೀಜಿ ಉಳಿದಿದ್ದರು. ಖಾದಿಗಾಗಿ ಊರೂರು ತಿರುಗುತ್ತ ಮೈ ಬಳಲಿ, ಆರೋಗ್ಯ ಕೆಟ್ಟು, ವೈದ್ಯರ ಮಾತಿಗೆ ಒಪ್ಪಿ ವಿಶ್ರಾಂತಿಗೆ ಬಂದದ್ದು. ಅಲ್ಲಿಂದ ಇಳಿದು ಬೆಂಗಳೂರಿಗೆ ಹೋಗಿ ಜುಲೈನಲ್ಲಿ ಖಾದಿ ಪ್ರದರ್ಶನ ಉದ್ಘಾಟಿಸಿದರು. 1936ರಲ್ಲಿ ಮತ್ತೊಮ್ಮೆ ಬಂದರು. ಇದಕ್ಕೂ ಮೊದಲು, 1921ರ ಸೆಪ್ಟೆಂಬರಿನಲ್ಲಿ, ಮಧುರೆಯಲ್ಲಿ ಅವರು ಅಂಗಿ ಟೋಪಿ ಬಿಟ್ಟು ತುಂಡು ಪಂಚೆಗೆ ಬಂದಿದ್ದರು. ಅದೂ ಪ್ರಯಾಣ ಕೊಟ್ಟ ಉಡುಗೆಯೇ. ದಾರಿಯಲ್ಲಿ ಕಂಡ ಬಡವರ ಮೈಮೇಲಿನ ಬಟ್ಟೆಯನ್ನು ನೋಡಿ ಮಾಡಿದ ತೀರ್ಮಾನ. ಪ್ರವಾಸ ಹೋದವರು ಅಲ್ಲಿಯ ಉಡುಗೆ ಕೊಂಡು ತರುವುದು ಎಲ್ಲೆಡೆ ಇದೆ. ಪ್ರವಾಸದಲ್ಲಿ ಕಂಡದ್ದಕ್ಕಾಗಿ ತನ್ನ ಉಡುಗೆಯನ್ನು ಕಡಿಮೆ ಮಾಡಿಕೊಂಡು ಬರುವುದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಗಾಂಧೀಜಿ ತಂಗಿದ್ದ ಆ ನೆತ್ತಿಯಲ್ಲಿ ನಿಂತು ಕೆಳಗಿನ ಬಯಲನ್ನು ನೋಡಿದರೆ ಒಂದು ಕಡೆ ಹಿಪ್ಪುನೇರಳೆ ತೋಟಗಳ ಸೀಮೆ, ಇನ್ನೊಂದು ಕಡೆ ಉತ್ತರ ಪಿನಾಕಿನಿ ಹರಿದ ದಾರಿ. ಆ ನದಿ ಹಿಡಿದು ಗೌರಿಬಿದನೂರು ದಾಟಿ ಹೋದರೆ ವಿದುರಾಶ್ವತ್ಥ. ಮಹಾಭಾರತದ ವಿದುರ ನೆಟ್ಟದ್ದೆಂದು ಜನ ನಂಬಿದ್ದ ಅಶ್ವತ್ಥ ಅಲ್ಲಿತ್ತು. 2001ರಲ್ಲಿ ಆ ಮರ ಬಿತ್ತು. ಮಕ್ಕಳಿಗಾಗಿ ಹರಕೆ ಹೊತ್ತವರು ಪ್ರತಿಷ್ಠೆ ಮಾಡಿದ ನಾಗರಕಲ್ಲುಗಳು ಸಾವಿರ ಲೆಕ್ಕದಲ್ಲಿ ಉಳಿದಿವೆ. ಅದೇ ಊರಿನಲ್ಲಿ 1938ರ ಏಪ್ರಿಲ್ 25ರಂದು ಜನ ಸೇರಿದರು. ಬೇಕಾಗಿದ್ದದ್ದು ಒಂದು ಬಟ್ಟೆಯನ್ನು ಕಂಬಕ್ಕೆ ಏರಿಸುವುದು, ಅಷ್ಟೇ. ಕೇಸರಿ, ಬಿಳಿ, ಹಸಿರು, ನಡುವೆ ಚರಕ. ಮೈಸೂರು ಸಂಸ್ಥಾನದಲ್ಲಿ ಅದನ್ನು ಹಾರಿಸಬಾರದೆಂಬ ಆಜ್ಞೆ. ಎರಡು ವಾರದ ಹಿಂದೆಯಷ್ಟೇ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು. ಹಳ್ಳಿಯ ಜನ ಸತ್ತರು. ಸುದ್ದಿ ದೇಶವನ್ನೆಲ್ಲ ಮುಟ್ಟಿತು. ವಲ್ಲಭಭಾಯಿ ಪಟೇಲ್, ಕೃಪಲಾನಿ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಒಪ್ಪಂದವಾಗಿ ಆ ಬಟ್ಟೆಗೆ ಹಾರುವ ಹಕ್ಕು ಸಿಕ್ಕಿತು.

ಸ್ಮಾರಕದ ಮುಂದೆ ನಿಂತಾಗ ನನಗೆ ಮೊದಲು ತಾಕಿದ್ದು ಇದೇ: ಇವರು ಪ್ರಾಣ ಕೊಟ್ಟದ್ದು ನೆಯ್ದ ಒಂದು ತುಂಡಿಗೆ. ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೆಯ್ದ ತುಂಡು. ಅಂದಿನಿಂದ ಖಾದಿ ಎಂದರೆ ನನಗೆ ಬೇಸಿಗೆಗೆ ತಂಪಾದ ಬಟ್ಟೆ ಎಂಬಷ್ಟರಲ್ಲಿ ಮುಗಿಯುವುದಿಲ್ಲ. ರಾಷ್ಟ್ರಧ್ವಜದ ಖಾದಿಯೂ ನಮ್ಮ ನಾಡಿನದೇ. ಬಾಗಲಕೋಟೆ ಬಳಿಯ ತುಳಸಿಗೇರಿಯಲ್ಲಿ ಅದನ್ನು ನೇಯುತ್ತಾರೆ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಣ್ಣ ಕೊಟ್ಟು, ಚಕ್ರ ಅಚ್ಚುಹಾಕಿ, ಹೊಲಿದು ಧ್ವಜ ಮಾಡುತ್ತಾರೆ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿ ತಂದು, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟರು. ಎಲ್ಲರ ಮನೆಗೂ ಧ್ವಜ ಸಿಗಲಿ ಎಂಬ ಆಸೆ ನನಗೆ ಅರ್ಥವಾಗುತ್ತದೆ. ಆದರೂ ವಿದುರಾಶ್ವತ್ಥದ ಕಲ್ಲಿನ ಮುಂದೆ ನಿಂತು ಬಂದವಳಿಗೆ ಪಾಲಿಯೆಸ್ಟರ್ ಕೈಗೆತ್ತಿಕೊಳ್ಳಲು ಮನಸ್ಸು ಬರುವುದಿಲ್ಲ. ನಮ್ಮ ಮನೆಯಲ್ಲಿ ಆಗಸ್ಟ್ 15ಕ್ಕೆ ಖಾದಿಯ ಸಣ್ಣ ಧ್ವಜ. ಅಂದು ನಾನು ಉಡುವುದೂ ಖಾದಿಯೇ.

ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ 1920ರಲ್ಲಿ ಹುಟ್ಟಿದ ಹುಡುಗನೊಬ್ಬ ಓದುವ ಹಂಬಲಕ್ಕೆ ಬೆಂಗಳೂರಿಗೆ ನಡೆದೇ ಹೋದ. ಬಸ್ಸಿಗೆ ದುಡ್ಡಿರಲಿಲ್ಲ. ಮುಂದೆ 1942ರ ಚಳವಳಿಗೆ ಓದು ಬಿಟ್ಟು ಜೈಲಿಗೆ ಹೋಗಿ, ಮತ್ತೆ ಓದಿ, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದವರು ಎಚ್. ನರಸಿಂಹಯ್ಯ. ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬಾಳು ಕಳೆದರು. ಬಿಳಿ ಖಾದಿ ಪಂಚೆ, ಖಾದಿ ಜುಬ್ಬ, ಗಾಂಧಿ ಟೋಪಿ. ಪವಾಡಗಳನ್ನು ಪ್ರಶ್ನಿಸಿದ ವಿಜ್ಞಾನಿಯ ಮೈಮೇಲೆ ಆ ಉಡುಗೆ ಎಷ್ಟು ಒಪ್ಪುತ್ತಿತ್ತು! ವಿದುರಾಶ್ವತ್ಥದಲ್ಲಿ ಗುಂಡು ಹಾರಿದಾಗ ಅವರಿಗೆ ಹದಿನೆಂಟು ತುಂಬುತ್ತಿತ್ತು. ತಮ್ಮದೇ ತಾಲ್ಲೂಕಿನ ಆ ಸುದ್ದಿ ಅವರ ಮನಸ್ಸಿಗೆ ಹೇಗೆ ತಾಕಿರಬಹುದು ಎಂದು ಅವರ ಚಿತ್ರ ಕಂಡಾಗಲೆಲ್ಲ ಯೋಚಿಸುತ್ತೇನೆ.

ಇನ್ನು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ. ವಿಶ್ವೇಶ್ವರಯ್ಯನವರ ಊರು. ಅವರ ಯಾವ ಚಿತ್ರ ನೋಡಿದರೂ ಮಡಿಕೆ ಕೆಡದ ಸೂಟು, ಟೈ, ತಲೆಯ ಮೇಲೆ ಜರಿಯಂಚಿನ ಮೈಸೂರು ಪೇಟ. ಕತ್ತಿನಿಂದ ಕೆಳಗೆ ಅವರು ಕಂಡ ಲೋಕ, ಕತ್ತಿನಿಂದ ಮೇಲೆ ಅವರು ಹುಟ್ಟಿದ ಸೀಮೆ. 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆಯನ್ನು ಕಣ್ಣಾರೆ ಕಂಡು ಬಂದವರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಇಟಲಿಯ ತಜ್ಞರನ್ನು ಕರೆಸಿ ರೇಷ್ಮೆಗೆ ಶಾಸ್ತ್ರೀಯ ನೆಲೆ ಕೊಡಿಸಿದರು. ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾದದ್ದೂ 1912ರಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಆಸೆಯಂತೆ. ಸೂಟು ತೊಟ್ಟವರು ದೊಡ್ಡವರೋ ಖಾದಿ ತೊಟ್ಟವರು ದೊಡ್ಡವರೋ ಎಂದು ಅಳೆಯಲು ನನಗೆ ಇಷ್ಟವಿಲ್ಲ. ಒಂದು ಗಂಟೆಯ ಬಸ್ ದಾರಿಯ ಎರಡು ಹಳ್ಳಿಗಳಿಂದ ಹೊರಟ ಇಬ್ಬರು ಬಡ ಮನೆಯ ಹುಡುಗರು, ಕಂಡ ಲೋಕವನ್ನೂ ಬಂದ ಊರನ್ನೂ ಸೇರಿಸಿ ತಮಗೊಂದು ಉಡುಗೆಯನ್ನು ನಿಶ್ಚಯಿಸಿಕೊಂಡರು, ಕೊನೆಯವರೆಗೆ ಬಿಡಲಿಲ್ಲ. ಇಬ್ಬರನ್ನೂ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಒಬ್ಬ ಮನುಷ್ಯ ತನ್ನ ನಂಬಿಕೆಯನ್ನು ದಿನಾ ಬೆಳಿಗ್ಗೆ ಒಗೆದು, ಇಸ್ತ್ರಿ ಮಾಡಿ ಉಡಬಲ್ಲ ಎಂಬುದೇ ನನಗೆ ಸೋಜಿಗ.

ಕೈವಾರದ ತಾತಯ್ಯನವರನ್ನು ಬಿಟ್ಟು ಮುಂದೆ ಹೋಗಲಾರೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ನೆಲೆಸಿದ್ದ ಯೋಗಿ ನಾರೇಯಣರು ಕನ್ನಡದಲ್ಲೂ ತೆಲುಗಿನಲ್ಲೂ ಹಾಡಿದವರು, ಕಾಲಜ್ಞಾನ ನುಡಿದವರು. ಸಂಸಾರದಲ್ಲಿ ಅವರ ಕಸುಬು ಬಳೆ ಮಾರುವುದು. ಬಳೆಯ ಮಲಾರ ಹೊತ್ತು ಊರೂರು ತಿರುಗುತ್ತ, ಹೆಂಗಸರ ಕೈ ಹಿಡಿದು ಬಳೆ ತೊಡಿಸುತ್ತ ನಡೆದವರು. ಬಳೆ ತೊಡಿಸುವವನಿಗೆ ಪ್ರತಿ ಮನೆಯ ಕೈಯೂ ಗೊತ್ತು. ರಾಗಿ ಬೀಸಿ ಒರಟಾದದ್ದು, ಹೊಸ ಮದುವಣಗಿತ್ತಿಯದು, ತೊಡಲು ಆಸೆಯಿದ್ದೂ ದುಡ್ಡಿಲ್ಲದೆ ಹಿಂದೆ ಸರಿದದ್ದು. ಆ ಕೈಗಳನ್ನು ಕಂಡವರು ತಾತಯ್ಯನವರಾಗದೆ ಇನ್ನೇನಾಗುತ್ತಿದ್ದರು ಅನ್ನಿಸುತ್ತದೆ. ಕೈವಾರಕ್ಕೆ ಹೋದಾಗ ಅಮರನಾರೇಯಣಸ್ವಾಮಿ ಗುಡಿಯ ಸುತ್ತಲ ಅಂಗಡಿಗಳಲ್ಲಿ ಗಾಜಿನ ಬಳೆ ತೊಡದೆ ಬರುವುದಿಲ್ಲ. ಹಸಿರು, ಚುಕ್ಕಿಯಿಲ್ಲದ್ದು. ಎಡಗೈಯಲ್ಲಿ ವಾಚು, ಬಲಗೈಯಲ್ಲಿ ಕೈವಾರ.

ಇಷ್ಟೆಲ್ಲ ಅಚ್ಚರಿಯ ಜೊತೆಗೆ ಒಂದು ಮುಳ್ಳೂ ಇದೆ. ಬಿಸಿನೀರಿನಲ್ಲಿ ಕುಣಿಯುವ ಗೂಡಿನೊಳಗೆ ಜೀವವಿದೆ. ಚಿಟ್ಟೆಯಾಗಿ ಹೊರಬರಲು ಬಿಟ್ಟರೆ ಗೂಡು ತೂತಾಗಿ ಎಳೆ ತುಂಡಾಗುತ್ತದೆ. ಆದ್ದರಿಂದ ಬಿಡುವುದಿಲ್ಲ. ಒಂದು ಸೀರೆಗೆ ಎರಡು ಸಾವಿರ. ಚಿಟ್ಟೆ ಹೊರಹೋದ ಗೂಡಿನಿಂದ ನೂತ ಅಹಿಂಸಾ ರೇಷ್ಮೆ ಸಿಗುತ್ತದೆ. ಅದರ ಮಿಂಚು ಕಡಿಮೆ, ಮೃದುತನ ಬೇರೆ. ಅಂಥದ್ದೊಂದು ನನ್ನ ಬಳಿಯೂ ಇದೆ. ಅದನ್ನು ಕೊಂಡದ್ದರಿಂದ ಪ್ರಶ್ನೆ ಬಗೆಹರಿಯಲಿಲ್ಲ. ಶಿಡ್ಲಘಟ್ಟದ ಸಾವಿರಾರು ಮನೆಗಳ ಒಲೆ ಉರಿಯುವುದು ಆ ಬೇಸಿನ್ನಿನ ಬೆಂಕಿಯಿಂದಲೇ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದ ಆ ಚಿಟ್ಟೆಗೆ ಹಾರಲೂ ಬರುವುದಿಲ್ಲ, ತಿನ್ನುವುದೂ ಇಲ್ಲ. ನಾನು ಇಷ್ಟು ಮಾತ್ರ ಮಾಡಬಲ್ಲೆ: ರೇಷ್ಮೆಯನ್ನು ಕಡಿಮೆ ಕೊಳ್ಳುವುದು, ಕೊಂಡದ್ದನ್ನು ಹರಿಯುವವರೆಗೆ ಉಡುವುದು, ಹರಿದ ಮೇಲೆ ಲಂಗ ಹೊಲಿಸುವುದು, ಲಂಗ ಹರಿದ ಮೇಲೆ ಕೌದಿಗೆ ಹಾಕುವುದು. ಹಳೆಯ ಹೆಂಗಸರು ಹೇಳಿಕೊಳ್ಳದೆ ಮಾಡುತ್ತಿದ್ದದ್ದೂ ಇದನ್ನೇ.

ನೀರಿನ ಮಾತೂ ಅಷ್ಟೇ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಲ್ಲ ನಂದಿಯ ಸುತ್ತಲ ಬೆಟ್ಟಗಳಲ್ಲಿ ಹುಟ್ಟುತ್ತವೆ. ಇಷ್ಟು ನದಿಗಳ ತವರಿನಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ರೈತರು ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆದು ಸೊಪ್ಪು ಬೆಳೆಯುತ್ತಾರೆ. ನನ್ನ ಸೀರೆಯ ಹೊಳಪು ಅಷ್ಟು ಆಳದ ಕತ್ತಲಿಂದ ಮೇಲೆ ಬಂದದ್ದು. ಇದು ತಿಳಿದ ಮೇಲೆ ಬೀರುವಿನಲ್ಲಿ ಉಡದೆ ಇಟ್ಟ ಸೀರೆಗಳನ್ನು ನೋಡುವುದು ಕಷ್ಟ.

ಗೌರಿಬಿದನೂರಿನಲ್ಲಿ ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸುಗಳಿಗೆ ಕಾಯುವ ಹೆಣ್ಣುಮಕ್ಕಳನ್ನೂ ನೋಡಿದ್ದೇನೆ. ಚೂಡಿದಾರ, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ಅವರು ಹೊಲಿಯುವ ಅಂಗಿಯ ಕಾಲರಿನಲ್ಲಿ ದೂರದ ಯಾವುದೋ ಕಂಪನಿಯ ಹೆಸರು. ಅಲ್ಲಿಯೂ ಶಿಡ್ಲಘಟ್ಟದ ನೂಲಿನದೇ ಕಥೆ. ಕೈ ಇಲ್ಲಿಯದು, ಹೆಸರು ಅಲ್ಲಿಯದು.

ಮೈಸೂರು ರೇಷ್ಮೆ, ಇಳಕಲ್, ಮೊಳಕಾಲ್ಮೂರು ಸೀರೆಗಳಿಗೆ ಭೌಗೋಳಿಕ ಗುರುತಿನ ಮುದ್ರೆ ಇದೆ. ಅದು ಇರಬೇಕಾದದ್ದೇ. ಅದರ ಪಕ್ಕದಲ್ಲಿ ನೂಲಿನ ಊರಿಗೂ ಒಂದು ಸಾಲು ಇರಲಿ ಎಂಬುದು ನನ್ನ ಆಸೆ. ಬೆಳೆದ ಹಳ್ಳಿ, ಬಿಚ್ಚಿದ ಊರು, ನೆಯ್ದ ಊರು. ಸರ್ಕಾರವೋ ಅಂಗಡಿಯವರೋ ಅದನ್ನು ಮಾಡುವವರೆಗೆ ಕಾಯಲು ಮನಸ್ಸಾಗದೆ, ನನ್ನ ಬೀರುವಿನ ಮಟ್ಟಿಗೆ ನಾನೇ ಶುರುಮಾಡಿದ್ದೇನೆ. ಪ್ರತಿ ಸೀರೆಯ ಮಡಿಕೆಯೊಳಗೆ ಒಂದು ಚೀಟಿ. ಎಲ್ಲಿ ಕೊಂಡದ್ದು, ಯಾವ ಮಗ್ಗದ್ದು, ಯಾವ ದಿನ ಎಲ್ಲಿಗೆ ಉಟ್ಟು ಹೋದದ್ದು. ಖಾದಿ ಸೀರೆಯ ಚೀಟಿಯಲ್ಲಿ 'ವಿದುರಾಶ್ವತ್ಥ, ಏಪ್ರಿಲ್ 25' ಎಂದಿದೆ. ಅಮ್ಮನ ಧಾರೆ ಸೀರೆಯ ಚೀಟಿಯಲ್ಲಿ ತಾತನ ರೈಲಿನ ಕಥೆ ಪೂರಾ ಬರೆದಿದ್ದೇನೆ. ನೂಲಿನ ಊರಿನ ಮುಂದೆ ಶಿಡ್ಲಘಟ್ಟ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕಿದ್ದೇನೆ. ಅಕ್ಕನ ಮಗಳು ಇದನ್ನೆಲ್ಲ ನೋಡಿ, "ಚಿಕ್ಕಮ್ಮಾ, ನನಗೆ ಕೊಡೋ ಸೀರೆಗೂ ಬರೆದಿಡಿ" ಅಂದಿದ್ದಾಳೆ. ಅವಳ ಕಣ್ಣು ಗೂಡಿನ ಹಳದಿಯ ಸೀರೆಯ ಮೇಲಿದೆ. ಅದು ಧರ್ಮಾವರದಲ್ಲಿ ನೆಯ್ದದ್ದು ಎಂದಷ್ಟೇ ಅಂಗಡಿಯವರು ಹೇಳಿದ್ದರು. ನೆಯ್ದವರ ಹೆಸರಿನ ಜಾಗ ಖಾಲಿ ಇದೆ. ಈ ಬೇಸಿಗೆ ರಜೆಯಲ್ಲಿ ಅವಳನ್ನೂ ಕರೆದುಕೊಂಡು ಧರ್ಮಾವರಕ್ಕೆ ಹೋಗಿ, 'ಇದು ಯಾರ ಕೈಯದು?' ಎಂದು ಬೀದಿ ಬೀದಿಯ ಮಗ್ಗದವರನ್ನು ಕೇಳಿ ಬರಬೇಕು.